ಹತ್ತಿಬೀಜ ಕಡಿಯೋ ತಾತನ ಲೇಸರ್

ಮಂದಿ ಬಾಯಿ ತೆಗೆಸೋದು ನಮ್ಮ ಕೆಲಸ. ತೆಗೆದ ಬಾಯಿಂದ ಏನು ಹೊರಗ ಬರತೈತಿ ಅನ್ನೋದು ಮಾತ್ರ ನಮ್ಮ ಕೈಯಾಗಿಲ್ಲ. ದಿನಾ ಒಂದಿಲ್ಲೊಂದು ನಡೀತಾನೇ ಇರತೈತಿ. ಪೇಷಂಟ್ ಮುಂದ ನಗಬಾರದು ಅಂತ ಡಾಕ್ಟರಮ್ಮ ಕಣ್ಣು ತೆಗೀತಾರ. ಅದಕ್ಕ ನಾನು ಮಾಸ್ಕಿನ ಒಳಗ ನಗತೀನಿ. ಮಾಸ್ಕ್ ಕಂಡು ಹಿಡಿದ ಪುಣ್ಯಾತ್ಮನ ಹೊಟ್ಟಿ ತಣ್ಣಗಿರಲಿ.

ಆಂಧ್ರದ ಗಡಿಯಾಗಿರೋ ಆದವಾನಿ ಬಜಾರದಾಗ ಕೆಳಗ ಬಟ್ಟಿ ಅಂಗಡಿ, ಮ್ಯಾಲ ನಮ್ಮ ಹಲ್ಲಿನ ದವಾಖಾನಿ. ನಾನು ಅಲ್ಲಿ ಚೀಟಿ ಬರೀತೀನಿ, ಸಾಮಾನು ತೊಳಿತೀನಿ, ಹೆದರಿದವ್ರ ಕೈ ಹಿಡೀತೀನಿ, ಸೂಜಿ ನೋಡಿ ಓಡಿ ಹೋಗೋರನ್ನ ಮೆಟ್ಟಲ ಮ್ಯಾಲ ಹಿಡೀತೀನಿ. ಎಲ್ಲಾರೂ ಸಿಸ್ಟರ್ ಅಂತಾರ, ಆದ್ರ ನಾನು ನರ್ಸಿಂಗ್ ಓದಿದಾಕಿ ಅಲ್ಲ. ನನ್ನ ದೊಡ್ಡ ಕೆಲಸ ಅಂದ್ರ ಮಾತು ದಾಟಸೋದು. ಡಾಕ್ಟರಮ್ಮ ಕೃಷ್ಣಾ ಹೊಳಿ ದಂಡಿ ಕಡೆಯವ್ರು, ತೆಲುಗು ಬಿಟ್ರ ಬ್ಯಾರೆ ಬರತಿರಲಿಲ್ಲ. ನಮ್ಮ ಮಂದಿದು ನಿಮಗ ಗೊತ್ತೇ ಐತಿ. ಬ್ಯಾನಿ ಕನ್ನಡದಾಗ ಹೇಳತಾರ, ಜಗಳ ತೆಲುಗಿನಾಗ ಆಡತಾರ, ದೇವರನ್ನ ಎರಡರಾಗೂ ಕರೀತಾರ.

ಹೆಂಗಾರ ಮಾಡಿ ಕನ್ನಡ ಕಲೀತೀನಿ ಅಂತ ಡಾಕ್ಟರಮ್ಮ ಹಟ ಹಿಡಿದ್ರು. ಅದೇ ಹೊತ್ತಿಗೆ ವಸಡಿನ ಬ್ಯಾನಿಗೆ ಅಂತ ಲೇಸರ್ ಮಿಶಿನ್ನೂ ತಂದ್ರು. ಎರಡೂ ಒಳ್ಳೆ ಕೆಲಸಾನೇ. ಎರಡೂ ಒಂದೇ ಸಲ ಬಂದಿದ್ದಕ್ಕ ಆದ ಫಜೀತಿ ಮಾತ್ರ ಕೇಳಬ್ಯಾಡ್ರಿ.

೧. ಹಸರು ಕನ್ನಡಕ

ಮಿಶಿನ್ ಅಂದ್ರ ಬಹಳ ದೊಡ್ಡದೇನಲ್ಲ, ಊಟದ ಡಬ್ಬಿಯಷ್ಟು ಐತಿ. ಅದರಿಂದ ಒಂದು ಸಣ್ಣ ಎಳಿ ಹೊರಗ ಬರತೈತಿ, ಎಳಿಯ ತುದಿಯಾಗ ಬೆಳಕು. ಆ ತುದಿಯನ್ನ ಹಲ್ಲು ಮತ್ತ ವಸಡಿನ ನಡುವ ಇಳಿಸಿದ್ರ ಅಲ್ಲಿ ಕೆಟ್ಟದ್ದು ಸುಟ್ಟು ಹೋಗತೈತಿ, ಕ್ರಿಮಿ ಸಾಯತಾವ, ರಕ್ತ ಕಡಿಮಿ, ಬಹಳ ಮಂದಿಗೆ ಹೊಲಿಗಿನೂ ಬೇಕಾಗಂಗಿಲ್ಲ. ಇದನ್ನ ನಾನು ಬಾಯಿಪಾಠ ಮಾಡಿ ಇಟ್ಟಿದ್ದೆ.

ಮೊದಲನೇ ಪೇಷಂಟು ಹೊಸದಾಗಿ ಮದುವಿ ಆದ ಹುಡುಗ. ನಾನು ಬಾಯಿಪಾಠ ಎಲ್ಲಾ ಒಪ್ಪಿಸಿದೆ. ಅಂವ ತಲಿ ಅಲ್ಲಾಡಿಸಿ, "ಗೊತ್ತೈತಿ ಸಿಸ್ಟರ್, ನಮ್ಮ ಮದುವಿ ಮೆರವಣಿಗಿಯಾಗೂ ಲೇಸರ್ ಹಾಕಿಸಿದ್ವಿ. ಡಿಜೆ ಎಲ್ಲೈತಿ?" ಅಂದ.

ಎರಡನೇದಾಂವ ದೇವನಕೊಂಡದ ಕಡೆಯ ರೈತ. ಆ ಬೆಳಕು ಕಣ್ಣಿಗೆ ಒಳ್ಳೇದಲ್ಲ, ಅದಕ್ಕ ಪೇಷಂಟು, ಡಾಕ್ಟರಮ್ಮ, ನಾನು, ಮೂರೂ ಮಂದಿ ಹಸರು ಬಣ್ಣದ ಕನ್ನಡಕ ಹಾಕ್ಕೊಬೇಕು. "ಹಲ್ಲು ತೋರಸಾಕ ಬಂದ್ರ ಕಣ್ಣಿಗ್ಯಾಕ ಕಟ್ಟತಿ?" ಅಂತ ಅಂವ ಒಂದು ತಾಸು ವಾದ ಮಾಡಿದ. ಹಾಕ್ಕೊಂಡ ಮ್ಯಾಲ ತೆಗಿಯೋದು ಮರತ. ನಾನೂ ಮರತೆ, ಆವತ್ತು ಗದ್ದಲ ಹಂಗಿತ್ತು. ಅಂವ ಕನ್ನಡಕದ ಸಮೇತ ಬಸ್ ಹತ್ತಿ ಊರಿಗೆ ಹೋದ.

ಮರುದಿನ ತಂದು ಟೇಬಲ್ ಮ್ಯಾಲ ಇಟ್ಟು, ಸಪ್ಪ ಮಾರಿ ಮಾಡಿ ಅಂದ: "ತಂಗೀ, ಬಸ್ಸಿನಾಗ ಊರ ತನಕ ನೋಡಿದ್ದೇ ನೋಡಿದ್ದು. ಹೊಲ ಎಲ್ಲಾ ಹಸರೋ ಹಸರು! ಮಳಿ ಯಾವಾಗ ಆತೋ ದೇವ್ರೇ ಅಂತ ಕೈ ಮುಗದೆ. ಮನಿಗೆ ಹೋದೆ, ಹೆಂಡ್ತಿ ಕನ್ನಡಕ ತೆಗೆದ್ಲು, ಬೆಳಿ ಎಲ್ಲಾ ಹೋತು."

೨. ಕಟ್ ಅಂದ್ರ ಒಂಬತ್ತು

ಹತ್ತಿ ಸೀಸನ್ನಿಗೆ ಇನ್ನೂ ಎರಡು ತಿಂಗಳು ಇದ್ದಾಗ ತಾತ ಬಂದ. ಹಣಿ ತುಂಬ ವಿಭೂತಿ, ಬೆಳ್ಳಗಿನ ಧೋತರ, ಹೆಗಲ ಮ್ಯಾಲ ಟವೆಲ್ಲು. ಹಿಂದ ಒಂದು ಹೆಜ್ಜಿ ಬಿಟ್ಟು ಅಜ್ಜಿ, ಅಂದ್ರ ತಾತನ ಹೆಂಡ್ತಿ.

ಈ ತಾತ ನಮ್ಮ ಮಾರ್ಕೆಟ್ ಯಾರ್ಡಿನಾಗ ಒಂದು ಹತ್ತಿ ಮಂಡಿಯಾಗ ಮಾಲು ನೋಡಾಂವ. ರೈತ ಹತ್ತಿ ತಂದ್ರ ಅದು ಎಷ್ಟು ಒಣಗೈತಿ, ನೂರಕ್ಕ ಎಷ್ಟು ಪಾಲು ಹಸಿ ಐತಿ ಅಂತ ನಂಬರ್ ಹೇಳಬೇಕು. ಹಸಿ ಇದ್ರ ರೇಟು ಇಳೀತೈತಿ. ತಾತ ಏನು ಮಾಡತಾನ ಅಂದ್ರ, ಹತ್ತಿಯಾಗಿಂದ ಒಂದು ಬೀಜ ಬಿಡಿಸಿ ಮುಂದಿನ ಹಲ್ಲಿನಾಗ ಇಟ್ಟು ಕಡೀತಾನ. "ಕಟ್ ಅಂದ್ರ ಒಂಬತ್ತು, ಕಚ್ ಅಂದ್ರ ಹನ್ನೊಂದು, ಪಿಚ್ ಅಂದ್ರ ಮನಿಗೆ ಒಯ್ದು ಒಣಗಿಸಪ್ಪ" ಅಂತ ಅಂವನೇ ನನಗ ಹೇಳಿದ. ನಲವತ್ತು ವರ್ಷ ಅದೇ ಕೆಲಸ. ತಾತ ಹೇಳಿದ ನಂಬರಿಗೆ ರೈತನೂ ಎದುರು ಮಾತಾಡಂಗಿಲ್ಲ, ಮಂಡಿಯ ಸಾವ್ಕಾರನೂ ಮಾತಾಡಂಗಿಲ್ಲ.

ಈಗ ಆ ಹಲ್ಲೇ ಅಲ್ಲಾಡಾಕ ಹತ್ತಿದ್ವು. ಕೆಳಗಿನ ಮುಂದಿನ ಎರಡು ಹಲ್ಲು, ಸುತ್ತ ವಸಡು ಬಾತು ಕೆಂಪಗಾಗಿತ್ತು, ತಿಕ್ಕಿದ್ರ ರಕ್ತ, ಒತ್ತಿದ್ರ ಕೀವು. ಬ್ಯಾರೆ ಕಡೆ ತೋರಿಸಿದ್ರ, ಕೀಳಿಸಿಬಿಡ್ರಿ ಅಂದಿದ್ರು.

"ಕೀಳಿಸಿದ್ರ ನಾ ಮಂಡಿ ಮೆಟ್ಟಲ ಹತ್ತಂಗಿಲ್ಲ ಯವ್ವಾ," ಅಂದ ತಾತ. "ಸಾವ್ಕಾರನ ಮಗ ಒಂದು ಮಿಶಿನ್ ತಂದಿಟ್ಟಾನ. ಹತ್ತಿಯಾಗ ಚುಚ್ಚಿದ್ರ ಹಸಿ ಎಷ್ಟು ಅಂತ ನಂಬರ್ ತೋರಸತೈತಿ. ಈ ಸೀಸನ್ನಿಗೆ ತಾತನ ಹಲ್ಲೋ ನನ್ನ ಮಿಶಿನ್ನೋ ನೋಡೇ ಬಿಡೋಣು ಅಂದಾನ. ನನಗ ಬ್ಯಾರೆ ಏನು ಬರತೈತಿ ಹೇಳು? ಈ ಎರಡು ಹಲ್ಲೇ ನನ್ನ ಓದು, ನನ್ನ ಮರ್ಯಾದಿ."

ಡಾಕ್ಟರಮ್ಮ ಗುರುತು ಇರೋ ಸಣ್ಣ ಕಡ್ಡಿ ಇಳಿಸಿ ವಸಡು ಎಷ್ಟು ಆಳ ಬಿಟ್ಟೈತಿ ನೋಡಿದ್ರು, ಎಕ್ಸ್‌ರೇ ತೆಗೆದ್ರು, ಸಕ್ಕರಿ ಕಾಯಿಲಿ ಪರೀಕ್ಷಾ ಬರದ್ರು. ನನಗ ಆಕಿ ಮ್ಯಾಲ ಪ್ರೀತಿ ಯಾಕಂದ್ರ ಇದಕ್ಕೇ. ಹೊಸಾ ಮಿಶಿನ್ ತಂದಾರ, ಬ್ಯಾರೆಯವ್ರಾದ್ರ ಲೇಸರ್ ಹಾಕಿದ್ರ ಎಲ್ಲಾ ಸರಿ ಆಗತೈತಿ ಅಂತಿದ್ರು. ಈಕಿ ಹೇಳಿದ್ದೇ ಬ್ಯಾರೆ, ನಾನು ದಾಟಿಸಿದೆ:

"ತಾತಾ, ಲೇಸರ್ ಮಂತ್ರ ಅಲ್ಲ. ಒಳಗ ಕರಗಿದ ಎಲುವು ತಿರುಗಿ ಬರಂಗಿಲ್ಲ. ಬಾವು ಇಳೀತೈತಿ, ಕೀವು ನಿಲ್ಲತೈತಿ, ವಸಡು ಹಲ್ಲನ್ನ ಬಿಗಿಯಾಗಿ ಹಿಡಕೊಂಡ್ರ ಹಲ್ಲು ಉಳೀಬಹುದು. ಉಳಿದೇ ಉಳೀತಾವ ಅಂತ ನಾ ಬಾಂಡ್ ಬರದು ಕೊಡಂಗಿಲ್ಲ. ಸಕ್ಕರಿ ಕಾಯಿಲಿ ಇದ್ರ ಅದನ್ನ ಹತೋಟಿಯಾಗ ಇಟಗೋಬೇಕು, ತಂಬಾಕು ಬಿಡಬೇಕು. ಮತ್ತ ನಾ ಹೇಳೋ ತನಕ ಒಂದು ಬೀಜನೂ ಕಡೀಬಾರದು. ಐದಾರು ತಿಂಗಳು."

"ಐದಾರು ತಿಂಗಳಾ? ಸೀಸನ್ ಎರಡು ತಿಂಗಳಿಗೆ ಐತಿ!"

"ಈಗ ಕಡಿದ್ರ ಈ ಸೀಸನ್ ಒಂದೇ. ತಡದ್ರ ಮುಂದಿನ ಸೀಸನ್‌ಗಳು."

ತಾತ ಟವೆಲ್ಲು ಕೊಡವಿ ಹೆಗಲಿಗೆ ಹಾಕ್ಕೊಂಡ. ಆಮ್ಯಾಲ, "ಆಗಲಿ. ತಂಬಾಕು ಅಂತೂ ಬಿಟ್ಟೀನಿ," ಅಂದ.

"ಯಾವಾಗ ಬಿಟ್ರಿ?" ನಾ ಕೇಳಿದೆ.

"ಈಗಷ್ಟ, ನಿಮ್ಮ ಮೆಟ್ಟಲ ಹತ್ತೋವಾಗ."

ಹಿಂದ ಕುಂತಿದ್ದ ಅಜ್ಜಿ ಮುಚ್ಚಿದ ಮುಷ್ಟಿ ತೆಗೆದು ತೋರಿಸಿದ್ಲು. ಅದರಾಗ ತಾತನ ತಂಬಾಕದ ಡಬ್ಬಿ. "ಹೌದು, ದಿನಾ ಬಿಡತಾನ. ಮೆಟ್ಟಲ ಇಳಿಯೋವಾಗ ತಿರುಗಿ ಇಸಗೋತಾನ."

೩. ಮೊದಲು ಜಿನ್ನಿಂಗ್

ಲೇಸರ್ ಅಂದ ಕೂಡಲೇ ಎಲ್ಲಾರೂ ಬಂದು ಬೆಳಕು ಹಾಕಿಸಿಕೊಂಡು ಹೋಗಬೇಕು ಅಂತಾರ. ಮೊದಲು ಹಲ್ಲು ಸ್ವಚ್ಛ ಮಾಡಬೇಕು, ವಸಡಿನ ಒಳಗಿನ ಗಾರಿ, ಅಂದ್ರ ಹಲ್ಲಿಗೆ ಗಟ್ಟಿಯಾಗಿ ಕಟ್ಟಿದ ಕಸ, ಕೆರದು ತೆಗೀಬೇಕು, ಆಮ್ಯಾಲ ಲೇಸರ್. ಬರೇ ಲೇಸರ್ ಕೊಟ್ಟು ಗಾರಿ ಬಿಟ್ರ ಉಪಯೋಗಿಲ್ಲ. ಇದನ್ನ ಮಂದಿಗೆ ತಿಳಿಸಿ ಹೇಳೋದ್ರಾಗ ನನ್ನ ಜೀವ ಹೋಗತೈತಿ.

ತಾತಗ ಮಾತ್ರ ಹೇಳೋದೇ ಬೇಕಾಗಲಿಲ್ಲ. "ಗೊತ್ತಾತು ಬಿಡು. ಮೊದಲು ಜಿನ್ನಿಂಗ್, ಆಮ್ಯಾಲ ಪ್ರೆಸ್ಸಿಂಗ್," ಅಂದ. ಹತ್ತಿಯಿಂದ ಬೀಜ, ಕಸ ಬಿಡಸದೇ ಯಾರಾದ್ರೂ ಗಂಟು ಒತ್ತತಾರೇನು? ಡಾಕ್ಟರಮ್ಮಗ ಈ ಮಾತು ಎಷ್ಟು ಹಿಡಿಸಿತಂದ್ರ, ಆವತ್ತಿಂದ ಮಂಡಿ ಕಡೆಯ ಪೇಷಂಟ್ ಬಂದ್ರ "ಮೊದಲು ಜಿನ್ನಿಂಗ್" ಅಂತಾನೇ ಶುರು ಮಾಡತಾರ.

ಸ್ವಚ್ಛ ಮಾಡಿ ಮುಗಿದ ಮ್ಯಾಲ ತಾತ ನಾಲಿಗಿ ಆಡಿಸಿ ನೋಡಿದ. ಮಾರಿ ಒಮ್ಮೆಲೇ ಬದಲಾತು. "ಯವ್ವಾ, ನಡುವ ಸಂದಿ ಬಿದ್ದಾವ. ಹಲ್ಲು ತೇದುಬಿಟ್ರೇನು? ಕುಂದ್ರೋವಾಗ ದಪ್ಪ ಇದ್ವು, ಏಳೋವಾಗ ಸಣ್ಣ ಆಗ್ಯಾವ."

ನಾನು ಬಟ್ಟಲದಾಗ ಬಿದ್ದಿದ್ದ ಕಂದು ಗಾರಿ ತೋರಿಸಿದೆ. "ಇದು ಹೋಗೈತಿ ತಾತ, ಹಲ್ಲಲ್ಲ. ಇಷ್ಟು ವರ್ಷ ಇದನ್ನೇ ಹಲ್ಲು ಅಂದ್ಕೊಂಡಿದ್ರಿ."

ತಾತ ಕಣ್ಣಿನ ಹತ್ತಿರ ಹಿಡಕೊಂಡು ನೋಡಿದ, ಬೆರಳಾಗ ತಿಕ್ಕಿದ, ಆಮ್ಯಾಲ ಮಂಡಿಯಾಗ ಹೇಳೋ ದನಿಯಾಗ ತೀರ್ಪು ಕೊಟ್ಟ: "ಕಸ ಬಹಳ ಇತ್ತು. ಈ ಮಾಲು ನಾನಾಗಿದ್ರ ವಾಪಸ್ ಕಳಿಸ್ತಿದ್ದೆ."

೪. ಎಷ್ಟು ದಿನಕ್ಕ ಹೊರಗ ಬರತಾವ?

ಹತ್ತು ದಿನದ ಮ್ಯಾಲ ಲೇಸರ್ ಆತು. ಸಕ್ಕರಿ ಕಾಯಿಲಿ ಇಲ್ಲ ಅಂತ ರಿಪೋರ್ಟ್ ಬಂದಿತ್ತು. ಅಜ್ಜಿ ತಂಬಾಕದ ಡಬ್ಬಿಯನ್ನ ಹರಿಯೋ ಮೋರಿಯಾಗ ಒಗದು, ತಾತ ನೋಡೋ ಹಂಗ ಕೈ ತೊಳಕೊಂಡಿದ್ಲು. ಸೂಜಿ ಮಾಡಿ ಜುಮ್ ಅನಿಸಿ, ಅರ್ಧ ತಾಸಿನಾಗ ಕೆಲಸ ಮುಗೀತು. ಅಲ್ಲಾಡೋ ಎರಡು ಹಲ್ಲನ್ನ ಹಿಂದಿನಿಂದ ಸಣ್ಣ ತಂತಿ ಇಟ್ಟು ಪಕ್ಕದ ಹಲ್ಲಿಗೆ ಕಟ್ಟಿದ್ರು. "ಇನ್ನೂ ಶುರು ಮಾಡವಲ್ರಿ?" ಅಂತ ತಾತ ಕೇಳಿದಾಗ ಎಲ್ಲಾ ಮುಗದು, ನಾನು ಸಾಮಾನು ತೊಳಿಯಾಕ ಒಳಗ ಹೋಗಿದ್ದೆ.

ನಾ ಒಳಗ ಹೋಗಿದ್ದೇ ತಪ್ಪಾತು. ಡಾಕ್ಟರಮ್ಮ ಅಜ್ಜಿಯನ್ನ ಕರದು ತಾವೇ ಕನ್ನಡದಾಗ ಹೇಳಿದ್ರಂತ: "ಅಜ್ಜೀ, ತಾತನ ಚಿಗುರಿಗೆ ಲೇಸರ್ ಕೊಟ್ಟೀನಿ. ಚಿಗುರು ಮೆತ್ತಗೆ ಐತಿ. ದಿನಾ ನಾಕು ಸಲ ಬೆಚ್ಚನ ಉಪ್ಪುನೀರು ಹಾಕಬೇಕು. ಗಟ್ಟಿ ಏನೂ ತಗಲಬಾರದು. ಚಿಗುರು ಜೋಪಾನ." ಅಜ್ಜಿ ಎರಡೂ ಕೈ ಮುಗದು ಹೋದ್ಲು.

ಎಂಟು ದಿನ ಆದ ಮ್ಯಾಲ ಅಜ್ಜಿ ಒಬ್ಬಾಕಿನೇ ಬಂದ್ಲು. ನನ್ನ ಪಕ್ಕ ಕುಂತು, ಕಿವಿ ಹತ್ತಿರ ಬಾಯಿ ತಂದು ಕೇಳಿದ್ಲು: "ಯವ್ವಾ, ಎಷ್ಟು ದಿನಕ್ಕ ಹೊರಗ ಬರತಾವ?"

"ಏನು ಅಜ್ಜೀ?"

"ಚಿಗುರು! ಡಾಕ್ಟರಮ್ಮ ಹೇಳಿದ್ದೆಲ್ಲಾ ಮಾಡಾಕತ್ತೀನಿ. ನಾಕು ಸಲ ನೀರು ಹಾಕತೀನಿ. ಮುಂಜಾನಿ ಎಳಿ ಬಿಸಿಲಿಗೆ ಬಾಯಿ ತೆಗೆಸಿ ಕುಂದ್ರಸ್ತೀನಿ. ಇಣುಕಿ ಇಣುಕಿ ನೋಡತೀನಿ, ಒಂದು ಬಿಳಿ ಮೊಳಕಿ ಆದ್ರೂ ಕಾಣವಲ್ದು. ಹಾಂ, ಒಂದು ಮಾತ್ರ ನಾ ಕೇಳಲಿಲ್ಲ. ಉಪ್ಪುನೀರು ಅಂದ್ರಲ್ಲ, ಅದು ನನಗ ಸರಿ ಕಾಣಲಿಲ್ಲ. ಉಪ್ಪುನೀರಿಗೆ ಯಾವ ಬೆಳಿ ಬರತೈತಿ? ಅದಕ್ಕ ಸೀನೀರೇ ಹಾಕಾಕತ್ತೀನಿ."

ಆಗ ನನಗ ತಲಿಗೆ ಹತ್ತಿತು. ತೆಲುಗಿನಾಗ ವಸಡಿಗೆ ಚಿಗುರು ಅಂತಾರ. ಡಾಕ್ಟರಮ್ಮ ತಮ್ಮ ಚಿಗುರನ್ನ ತಂದು ನಮ್ಮ ಕನ್ನಡದಾಗ ನಟ್ಟಿದ್ರು. ಅಜ್ಜಿ ಪೆದ್ದಹರಿವಾಣದ ಕನ್ನಡ ಮನಿತನದಾಕಿ, ಆಕಿಗೆ ಚಿಗುರು ಅಂದ್ರ ಗಿಡದ ಚಿಗುರು. ಹಲ್ಲು ಹೊಸದಾಗಿ ಚಿಗಿತಾವ ಅಂತ ತಿಳಕೊಂಡಾಳ! ಮಾಸ್ಕ್ ಇದ್ರೂ ಆವತ್ತು ನನ್ನ ನಗು ಮುಚ್ಚಲಿಲ್ಲ. ನಕ್ಕು ಮುಗಿಸಿ, ಕೈ ಹಿಡಕೊಂಡು ತಿಳಿಸಿ ಹೇಳಿದೆ: ಬಿದ್ದ ಹಲ್ಲನ್ನ ಯಾವ ಲೇಸರೂ ಹುಟ್ಟಸಂಗಿಲ್ಲ, ಉಪ್ಪುನೀರು ಗಾಯಕ್ಕ, ಮೆತ್ತನ ಬ್ರಷ್ಷಿನಾಗ ತಿಕ್ಕಸು, ಖಾರ ಕಡಿಮಿ ಮಾಡು, ಕರದಾಗ ಬರ್ರಿ. ಅಜ್ಜಿ ಎಲ್ಲಾ ಕೇಳಿ ಹೂಂ ಅಂದ್ಲು. ಆ ಹೂಂ ಪೂರಾ ಹೂಂ ಆಗಿರಲಿಲ್ಲ.

ಆದ್ರ ತಾತ? ಅಂವ ನಲವತ್ತು ವರ್ಷ ತೆಲುಗು ಮಂದಿ ಜೋಡಿ ವ್ಯಾಪಾರ ಮಾಡಿದಾಂವ, ಅಂವಗ ಚಿಗುರು ಅಂದ್ರ ಏನಂತ ಗೊತ್ತಿಲ್ಲೇನು? ಮುಂದಿನ ಸಲ ಬಂದಾಗ ಸಿಟ್ಟಿನಿಂದಾನೇ ಕೇಳಿದೆ. ತಾತ ಆಕಡೆ ಈಕಡೆ ನೋಡಿ, ಸಣ್ಣ ದನಿಯಾಗ ಅಂದ: "ದಿನಾ ಬಿಸಿಲಿಗೆ ಕುಂದ್ರಸ್ತಾಳ, ನೀರು ಕೈಯಾಗ ಕೊಡತಾಳ, ಗದ್ದ ಹಿಡದು ಬಾಯಿ ನೋಡತಾಳ. ಮದುವಿ ಆದಾಗಿಂದ ಇಷ್ಟು ಆರೈಕಿ ಕಂಡಿಲ್ಲ. ನಾ ಯಾಕ ಬಾಯಿ ಬಿಡ್ಲಿ ಯವ್ವಾ?"

೫. ಬೀಜಕ್ಕ ಇಟ್ಟ ಹಲ್ಲು

ನಾ ಅಜ್ಜಿಗೆ ತಿಳಿಸಿ ಹೇಳಿದ್ದು ತಡ ಆಗಿತ್ತು. ಅಷ್ಟರಾಗ ಆಕಿ ತವರಮನಿಗೆ ಹೋಗಿ ಸುದ್ದಿ ಹಬ್ಬಿಸಿ ಬಂದಿದ್ಲು. ಒಂದು ಸೋಮವಾರ ದವಾಖಾನಿ ಮುಂದ ಪೆದ್ದಹರಿವಾಣದ ಆಟೋ ನಿಂತಿತು. ಅದರಿಂದ ಒಬ್ಬೊಬ್ಬರೇ ಇಳದ್ರು, ಒಂಬತ್ತು ಮಂದಿ, ಎಲ್ಲಾ ಹಣ್ಣು ಹಣ್ಣು ಮುದುಕರು, ಎಲ್ಲಾ ಬೊಚ್ಚುಬಾಯಿ. ಎಲ್ಲಾರ ಹಲ್ಲು ಕೂಡಿಸಿದ್ರೂ ಒಬ್ಬರ ಬಾಯಿ ತುಂಬತಿರಲಿಲ್ಲ.

"ಚಿಗುರೋ ಲೈಟು ಇಲ್ಲೇ ಏನವ್ವಾ?" ಅಂತ ಮುಂದಿನಾಕಿ ಕೇಳಿದ್ಲು.

ನಾನು ಡಾಕ್ಟರಮ್ಮಗ ತೆಲುಗಿನಾಗ ವಿಷಯ ಹೇಳಿದೆ. ಆಕಿ ನಗತಾರ ಅಂದ್ಕೊಂಡಿದ್ದೆ. ನಗಲಿಲ್ಲ, ಮಾರಿ ಕೆಂಪಗಾತು. "ತಪ್ಪು ನಂದು ಅಕ್ಕಾ," ಅಂದ್ರು. ಒಬ್ಬೊಬ್ಬರನ್ನೇ ಕುರ್ಚಿ ಮ್ಯಾಲ ಕುಂದ್ರಿಸಿ, ಕೈಗವಸು ಬದಲಿ ಮಾಡಿ ಮಾಡಿ, ಎಲ್ಲಾರ ಬಾಯಿ ನೋಡಿದ್ರು. ಇಬ್ಬರಿಗೆ ಹಲ್ಲಿನ ಸೆಟ್ ಕಟ್ಟಿಸಬಹುದು ಅಂದ್ರು, ನಾಕು ಹಲ್ಲು ಉಳಿದ ಒಬ್ಬ ಮುದುಕಗ "ನಿಮಗ ಲೇಸರ್ ಬ್ಯಾಡ, ಸ್ವಚ್ಛ ಮಾಡಿದ್ರ ಸಾಕು" ಅಂದ್ರು. ಅಷ್ಟು ದೂರದಿಂದ ಬಂದಾರ ಅಂತ ಎಲ್ಲಾರಿಗೂ ಚಾ ತರಿಸಿದ್ರು. ಆವತ್ತು ನನಗ ಆಕಿ ಕಾಲು ಮುಟ್ಟಬೇಕು ಅನಿಸಿತು, ವಯಸ್ಸಿನಾಗ ನನಗಿಂತ ಸಣ್ಣಾಕಿ ಅಂತ ಬಿಟ್ಟೆ. ಆಮ್ಯಾಲ ಆಕಿ ನನ್ನ ಕಡೆಯಿಂದ ಸರಿ ಮಾತು ಕೇಳಿ ಚೀಟಿ ಮ್ಯಾಲ ಬರಕೊಂಡು, ದಿನಾ "ವಸಡು, ವಸಡು" ಅಂತ ಜಪ ಶುರು ಮಾಡಿದ್ರು.

ಕಡೀಕ ಒಬ್ಬ ಮುದುಕ ಕುರ್ಚಿ ಬಿಟ್ಟು ಏಳಲೇ ಇಲ್ಲ. ಹೊಸಾ ಹಲ್ಲು ಬರಂಗಿಲ್ಲ ಅಜ್ಜಾ ಅಂತ ನಾ ನಾಕು ಸಲ ಹೇಳಿದೆ. ಅಂವ ಸೊಂಟದ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಮುಂದ ಬಿಚ್ಚಿದ. ಒಳಗ ಮೂರು ಹಳೇ ಹಲ್ಲು. "ಸುಮ್ಮನ ಕೇಳಾಕತ್ತಿಲ್ಲ ತಂಗೀ," ಅಂದ. "ಬೀಜ ನಂದೇ ತಂದೀನಿ."

೬. ಮಂಡಿಯಾಗ

ಸೀಸನ್ ಬಂತು. ತಾತನ ವಸಡಿನ ಬಾವು ಇಳದಿತ್ತು, ರಕ್ತ ನಿಂತಿತ್ತು, ಆದ್ರ ಬೀಜ ಕಡಿಯಾಕ ಡಾಕ್ಟರಮ್ಮ ಇನ್ನೂ ಒಪ್ಪಿರಲಿಲ್ಲ. ತಾತ ದಿನಾ ಮಂಡಿಗೆ ಹೋಗಿ ಸುಮ್ಮನ ಕುಂದ್ರತಾನ, ಸಾವ್ಕಾರನ ಮಗ ಮಿಶಿನ್ ಚುಚ್ಚಿ ನಂಬರ್ ಹೇಳತಾನ ಅಂತ ಅಜ್ಜಿ ಬಂದು ಕಣ್ಣೀರು ತಂದ್ಲು. "ಮನಿಗೆ ಬಂದ್ರ ರೊಟ್ಟಿ ಮುಟ್ಟವಲ್ಲ. ಹಲ್ಲು ಉಳದು ಏನು ಮಾಡ್ಲಿ ಅಂತಾನ."

ಡಾಕ್ಟರಮ್ಮಗ ತಡಿಯಲಿಲ್ಲ. ಮಧ್ಯಾಹ್ನ ದವಾಖಾನಿ ಮುಚ್ಚಿದ ಹೊತ್ತಿನಾಗ, "ನಡೀ ಅಕ್ಕಾ, ನೋಡಿ ಬರೋಣು," ಅಂದ್ರು. ಅಜ್ಜಿ ತಾತಗ ಬುತ್ತಿ ಒಯ್ಯಾಕ ಹೊಂಟಿದ್ಲು, ಮೂರೂ ಮಂದಿ ಆಟೋದಾಗ ಹೋದ್ವಿ.

ಯಾರ್ಡಿನಾಗ ಎಲ್ಲಿ ನೋಡಿದ್ರೂ ಹತ್ತಿ. ತಾತನ ಮಂಡಿ ಮುಂದ ಒಂದು ಟ್ರಾಕ್ಟರ್ ನಿಂತಿತ್ತು, ಸುತ್ತ ಮಂದಿ. ಸಾವ್ಕಾರನ ಮಗ ಮಿಶಿನ್ ಚುಚ್ಚಿ, "ಹದಿನಾಕು," ಅಂದ. ರೈತ ತಲಿ ಮ್ಯಾಲ ಕೈ ಇಟ್ಟ. "ನಾಕು ದಿನ ಮಾಳಿಗಿ ಮ್ಯಾಲ ಒಣಗಿಸೀನಿ ಸ್ವಾಮೀ! ಹದಿನಾಕು ಹೆಂಗಾಗತೈತಿ?" ಅಂತ ಅಂದು ತಾತನ ಕಡೆ ತಿರುಗಿದ. "ತಾತಾ, ನೀ ಒಂದು ಸಲ ನೋಡು. ನೀ ಏನಂದ್ರೂ ಒಪ್ಪತೀನಿ."

ತಾತ ಎದ್ದ. ಬೀಜ ಬಿಡಿಸಿಕೊಂಡ. ಬಾಯಿ ತನಕ ಒಯ್ದಾಗ ಗುಂಪಿನಾಗ ಡಾಕ್ಟರಮ್ಮ ಕಂಡ್ರು. ಆಕಿ ಬ್ಯಾಡ ಅಂತ ತಲಿ ಅಲ್ಲಾಡಿಸಿದ್ರು, ಕಣ್ಣಾಗ ನೀರು ತುಂಬಿತ್ತು. ತಾತನ ಕೈ ಅಲ್ಲೇ ನಿಂತಿತು. ಎಲ್ಲಾರೂ ತಾತನ ಬಾಯಿನೇ ನೋಡಾಕತ್ತಿದ್ರು.

"ಇಲ್ಲಿ ಕೊಡು!" ಅಂತ ಅಜ್ಜಿ ಬುತ್ತಿ ನನ್ನ ಕೈಯಾಗ ತುರುಕಿ ಮುಂದ ನುಗ್ಗಿದ್ಲು. ತಾತನ ಬೆರಳಿಂದ ಬೀಜ ಕಸಗೊಂಡು ತನ್ನ ಹಲ್ಲಿನಾಗ ಇಟ್ಟು ಕಡದ್ಲು.

ಕಟ್.

ತಾತ ಕಣ್ಣು ಮು‌ಚ್ಚಿದ. "ಇನ್ನೊಂದು. ಆ ಮೂಲಿದು."

ಕಟ್.

"ತಳದ್ದು ಒಂದು."

ಕಟ್.

"ಒಂಬತ್ತು," ಅಂದ ತಾತ. ಕಣ್ಣು ಇನ್ನೂ ಮುಚ್ಚೇ ಇದ್ವು. "ಒಂಬತ್ತರ ಮ್ಯಾಲ ಒಂದು ಎಳಿಯಷ್ಟು. ತಮ್ಮಾ, ನೀ ಎಲ್ಲಿ ಚುಚ್ಚಿದಿ?"

ಹುಡುಗ ತೋರಿಸಿದ. ಅಷ್ಟರಾಗ ರೈತನ ಹೆಂಡ್ತಿ ಹಣಿ ಬಡಕೊಂಡ್ಲು. "ಅಯ್ಯ! ಬರೋವಾಗ ಅಲ್ಲೇ ಕುಡಿಯೋ ನೀರಿನ ಕೊಡ ಇಟ್ಟಿದ್ವಿ, ತುಳುಕತಿತ್ತು." ಹುಡುಗ ಬ್ಯಾರೆ ಮೂರು ಕಡೆ ಚುಚ್ಚಿದ. ಒಂಬತ್ತು. ಒಂಬತ್ತು. ಒಂಬತ್ತೂಕಾಲು. ಹುಡುಗ ಒಳ್ಳೆಯಾಂವ, ತಡ ಮಾಡಲಿಲ್ಲ. ಮಿಶಿನ್ ಆಫ್ ಮಾಡಿ, "ತಾತಾ, ನಾಳೆಯಿಂದ ಮೊದಲು ನೀವು ಹೇಳ್ರಿ, ಆಮ್ಯಾಲ ನಾ ಚುಚ್ಚತೀನಿ," ಅಂದ. "ಆದ್ರ ಹಲ್ಲು ಹಚ್ಚದೇ ಹೆಂಗ ಹೇಳಿದ್ರಿ?"

"ಹಲ್ಲು ಬರೇ ಒಡಿಯಾಕ ತಮ್ಮಾ. ಹೇಳೋದು ಕಿವಿ," ಅಂದ ತಾತ. ಅಂವಗೂ ಅದು ಆವತ್ತೇ ಗೊತ್ತಾಗಿರಬೇಕು, ದನಿ ಹಂಗಿತ್ತು. "ಹಲ್ಲು ಯಾರದಾದ್ರ ಏನು?"

ಅಜ್ಜಿ ಬೀಜದ ಸಿಪ್ಪಿ ಉಗುಳಿ, ಸೆರಗಿನಿಂದ ಬಾಯಿ ಒರಸಿಕೊಂಡ್ಲು. "ಯಾರದಾದ್ರ ಏನಾ? ಇದನ್ನ ಮದುವಿ ಆದ ವರ್ಷಾನೇ ಹೇಳಬಾರದಾ? ನಾ ಮಂಡಿಯಾಗ ಕುಂದ್ರತಿದ್ದೆ, ನೀ ಮನಿಯಾಗ ರೊಟ್ಟಿ ಬಡೀತಿದ್ದಿ!"

೭. ಅಜ್ಜಿಯ ಪಾಳಿ

ಆ ಸೀಸನ್ ಪೂರಾ ಸಾವ್ಕಾರ ಎರಡು ಕುರ್ಚಿ ಹಾಕಿಸಿದ. ಅಜ್ಜಿ ಕಡಿಯೋದು, ತಾತ ಕಣ್ಣು ಮುಚ್ಚಿ ನಂಬರ್ ಹೇಳೋದು. ನೋಡಾಕ ಅಂತಾನೇ ಮಂದಿ ಬರತಿದ್ರಂತ. ಬೀಜಕ್ಕ ಔಷಧಿ ಹೊಡದಿರತಾರ, ಹಂಗ ಬಾಯಾಗ ಹಾಕಬ್ಯಾಡ್ರಿ ಅಂತ ಡಾಕ್ಟರಮ್ಮ ಬೈದು ಬೈದು ಸಾಕಾಗಿ, ಒಮ್ಮೆ ಕಡದ್ರ ಒಮ್ಮೆ ಬಾಯಿ ಮುಕ್ಕಳಸ್ರಿ ಅಂತ ಒಂದು ನೀರಿನ ಬಾಟ್ಲಿ ಕೊಟ್ಟು ಕಳಿಸಿದ್ರು.

ಸೀಸನ್ ಇಳದ ಮ್ಯಾಲ ಇಬ್ಬರೂ ಬಂದ್ರು. ಡಾಕ್ಟರಮ್ಮ ತಾತನ ಬಾಯಿ ನೋಡಿದ್ರು, ಕಡ್ಡಿ ಇಳಿಸಿ ಅಳದ್ರು, ತಂತಿ ಬಿಚ್ಚಿ ಎರಡೂ ಹಲ್ಲನ್ನ ಬೆರಳಿನಿಂದ ಒತ್ತಿ ನೋಡಿದ್ರು. ಅಲ್ಲಾಡಲಿಲ್ಲ. "ಉಳದ್ವು ತಾತಾ!" ಅಂದ್ರು. ಚೀಟಿ ಬರೀತಿದ್ದ ನನಗೂ ಅಕ್ಷರ ಮಂಜಾದ್ವು. ಮೂರು ತಿಂಗಳಿಗೊಮ್ಮೆ ಬಂದು ತೋರಸಬೇಕು, ರೊಟ್ಟಿ ತಿನ್ರಿ, ಬೀಜ ಮಾತ್ರ ಈ ಹಲ್ಲಿಗೆ ಇನ್ನು ಮ್ಯಾಲ ಬ್ಯಾಡ ಅಂದ್ರು. ತಾತಗ ಅದರ ದುಃಖ ಏನೂ ಕಾಣಲಿಲ್ಲ. ಆರಾಮಾಗಿ ಕುರ್ಚಿಯಿಂದ ಇಳದು, "ಈಗ ಈಕಿದು ನೋಡ್ರಿ. ದುಡಿಯೋ ಹಲ್ಲು ಈಗ ಈಕಿವು," ಅಂದ.

ಅಜ್ಜಿ ಕುಂತ್ಲು. ನಾನು ಆಕಿಗೆ ಹಸರು ಕನ್ನಡಕ ಹಾಕಿದೆ. ಮುಂದಿನ ಹಲ್ಲಿನ ಹತ್ತಿರ ವಸಡು ಸ್ವಲ್ಪ ಬಾತು ರಕ್ತ ಬರತಿತ್ತು. ಡಾಕ್ಟರಮ್ಮ ನನ್ನ ಕಡೆ ಒಂದು ಸಲ ನೋಡಿದ್ರು, ಈ ಸಲ ನೀ ದಾಟಸಬ್ಯಾಡ ಅನ್ನೋ ಹಂಗ. ಎದಿ ಉಬ್ಬಿಸಿ, ಆರು ತಿಂಗಳು ಜಪ ಮಾಡಿದ ಮಾತನ್ನ ಚೊಕ್ಕ ಕನ್ನಡದಾಗ ಹೇಳಿದ್ರು: "ಅಜ್ಜೀ, ನಿಮ್ಮ ವಸಡು ಬಾತೈತಿ. ಮೊದಲು ಜಿನ್ನಿಂಗ್ ಮಾಡತೀನಿ. ಆಮ್ಯಾಲ ಬೇಕಾದ್ರ ವಸಡಿಗೆ ಲೇಸರ್ ಕೊಡತೀನಿ."

ನನಗ ಚಪ್ಪಾಳಿ ಹೊಡೀಬೇಕು ಅನಿಸಿತು. ಅಷ್ಟರಾಗ ಅಜ್ಜಿ ಕನ್ನಡಕ ಕಿತ್ತು ಕೈಯಾಗ ಹಿಡಕೊಂಡು ನೆಟ್ಟಗ ಎದ್ದು ಕುಂತ್ಲು. ಮಾರಿ ಕೆಂಪಗಾಗಿತ್ತು.

"ಇದ್ಯಾವ ನ್ಯಾಯ ಡಾಕ್ಟರಮ್ಮಾ? ಸೀಸನ್ ಪೂರಾ ಕಡದಾಕಿ ನಾನು. ಬರೇ ಕಿವಿ ಇಟಗೊಂಡು ಕುಂತಾಂವಗ ಚಿಗುರು, ನನಗ ಬರೇ ವಸಡಾ?"